ಸ್ಲೇಟು ಬಳಪ ಕೊನೇಲಿ ತೆಗೀರಿ: 3ರಿಂದ 6 ವರ್ಷದ ಮಕ್ಕಳಿಗೆ ಮನೆಯಲ್ಲೇ ಆಟ, ಕಲಿಕೆ

ಪ್ರತಿ ವರ್ಷ ಜೂನ್ ಬಂದ್ರೆ ಇದೇ ಗೋಳು. ಮಗೂನ ಎಲ್‌ಕೆಜಿಗೆ ಸೇರಿಸ್ತಾರೆ, ಅದೇ ಜೋಶ್‌ನಲ್ಲಿ ಅಕ್ಷರದ ಚಾರ್ಟು, ಸ್ಲೇಟು, ಕಾಪಿ ಪುಸ್ತಕ, ಬಣ್ಣದ ಪೆನ್ಸಿಲ್ಲು ಎಲ್ಲಾ ತಂದು ಗೋಡೆಗೆ ಅಂಟಿಸಿ ರೆಡಿ ಮಾಡ್ತಾರೆ, ಮೊದಲನೇ ದಿನ ಮಗು ಅರ್ಧ ಗಂಟೆ ಕೂರುತ್ತೆ, ಎರಡನೇ ದಿನ ಹತ್ತು ನಿಮಿಷ, ಮೂರನೇ ದಿನ ಸ್ಲೇಟು ಕಂಡ್ರೆ ಸಾಕು ಮಂಚದ ಕೆಳಗೆ. ಆಮೇಲೆ ನನಗೆ ಫೋನು, "ಅಕ್ಕ, ನಮ್ಮವನು ಕೂರೋದೇ ಇಲ್ಲ ಕಣಕ್ಕ, ಏನ್ ಮಾಡ್ಲಿ?"

ಹತ್ತು ಜನಕ್ಕೆ ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೀತಿದೀನಿ. ನಾನೇನು ಟೀಚರ್ ಅಲ್ಲ. ಮೈಸೂರಲ್ಲಿ ಮನೆ, ಐದೂವರೆ ವರ್ಷದ ಮಗಳು, ಮೂರು ತುಂಬಿರೋ ಮಗ, ಪಾಂಡವಪುರದ ಕಡೆಯ ಅತ್ತೆ ಮಾವ ನಮ್ಮ ಜೊತೆಗೇ ಇದಾರೆ, ತಂಗಿ ಮಂಡ್ಯ ಹತ್ರ ಅಂಗನವಾಡಿ ಟೀಚರ್. ಮಗಳ ವಿಷಯದಲ್ಲಿ ನಾನೂ ಚಾರ್ಟ್ ಅಂಟಿಸಿ ಸೋತೋಳೇ. ಆಗ ತಂಗಿ ನೋಡಿ ನಕ್ಕು ಹೇಳಿದ್ಲು, "ನೀನು ತುದಿಯಿಂದ ಶುರು ಮಾಡಿದೀಯ ಅಕ್ಕ" ಅಂತ. ಸಮಸ್ಯೆ ಮಗೂದೂ ಅಲ್ಲ ಚಾರ್ಟ್‌ದೂ ಅಲ್ಲ, ಯಾವುದು ಮೊದಲು ಯಾವುದು ಆಮೇಲೆ ಅನ್ನೋದರದು. ಮೊದಲು ಮನೆ ದೊಡ್ಡವರು, ಆಮೇಲೆ ಜಾಗ, ಆಮೇಲೆ ಮೈ, ಆಮೇಲೆ ಕೈ, ಆಮೇಲೆ ಮಾತು, ಲೆಕ್ಕ, ಎಲ್ಲಾ ಆದ್ಮೇಲೆ ಅಕ್ಷರ. ಮಧ್ಯೆ ಒಂದು ಹಾರಿಸಿದ್ರೆ ಮೂರನೇ ದಿನಕ್ಕೆ ಮತ್ತೆ ಮಂಚದ ಕೆಳಗೇ.

ಏನೇನು ಬೇಕು

ಹೊಸದಾಗಿ ಕೊಳ್ಳೋದು ಜಾಸ್ತಿ ಏನಿಲ್ಲ. ಒಂದು ಚಾಪೆ, ಅಂಚಿರೋ ಎರಡು ಸ್ಟೀಲ್ ತಟ್ಟೆ, ಒಂದು ಪಾವು ರವೆ, ಚಾಕ್‌ಪೀಸ್, ಬಟ್ಟೆ ಒಣಗಿಸೋ ಕ್ಲಿಪ್ಪು ಒಂದು ಡಜನ್, ಹಳೇ ದುಪಟ್ಟ ಎರಡು, ರಟ್ಟಿನ ಡಬ್ಬ, ಒಂದು ಹಿಡಿ ಹುಣಸೆ ಬೀಜ, ನಾಲ್ಕು ಕವಡೆ. ಆನ್‌ಲೈನ್‌ನಲ್ಲಿ "ಲರ್ನಿಂಗ್ ಕಿಟ್" ಅಂತ ಸಾವಿರಾರು ರೂಪಾಯಿದು ತೋರಿಸ್ತಾರೆ, ತಗೊಂಡಿರೋರ ಮನೇಲೆಲ್ಲಾ ನಾನು ನೋಡಿರೋದು ಮಗು ಆ ಡಬ್ಬದ ಒಳಗೆ ಕೂತು ಆಡ್ತಿರೋದನ್ನೇ.

ಹಂತ 1: ಮೊದಲು ದೊಡ್ಡವರನ್ನ ಕೂರಿಸಿ ಮಾತಾಡಿ

ಇದನ್ನ ಎಲ್ರೂ ಹಾರಿಸೋದು, ಎಲ್ರೂ ಸೋಲೋದೂ ಇಲ್ಲೇ. ಒಂದು ಭಾನುವಾರ ಊಟ ಆದ್ಮೇಲೆ ಮನೆಯವರೆಲ್ಲಾ ಕೂತು ಮೂರೇ ವಿಷಯ ತೀರ್ಮಾನ ಮಾಡಿ. ಯಾವ ಹೊತ್ತು, ಯಾರು ಕೂರ್ತಾರೆ, ಆ ಹೊತ್ತಲ್ಲಿ ಫೋನ್ ಟಿವಿ ಎಲ್ಲಿರುತ್ತೆ.

ಹೊತ್ತು: ದಿನಕ್ಕೆ 15 ನಿಮಿಷ ಸಾಕು, ಆದ್ರೆ ದಿನಾ ಅದೇ ಹೊತ್ತು ಇರ್ಲಿ. ರಾತ್ರಿ ಎಂಟು ಗಂಟೆಗೆ ಇಟ್ಕೋಬೇಡಿ, ಮಗೂಗೆ ನಿದ್ದೆ, ನಿಮಗೆ ಸುಸ್ತು, ಅತ್ತೆಗೆ ಸೀರಿಯಲ್ಲು. ನಮ್ಮನೇಲಿ ಸ್ಕೂಲಿಂದ ಬಂದು ಹಾಲು ಕುಡಿದು ಒಂದು ರೌಂಡ್ ಆಚೆ ಓಡಾಡಿ ಬಂದ್ಮೇಲೆ, ಸಂಜೆ ಐದೂವರೆ ಸುಮಾರಿಗೆ. ಕೆಲಸಕ್ಕೆ ಹೋಗೋರು ಬೆಳಿಗ್ಗೆ ಸ್ನಾನದ ಹೊತ್ತು, ಅಡುಗೆ ಹೊತ್ತು ಬಳಸ್ಕೊಳ್ಳಿ. ಚೊಂಬಲ್ಲಿ ನೀರು ಎತ್ತಿ ಎತ್ತಿ ಬಕೆಟ್ ತುಂಬ್ಸೋದೂ ಕಲಿಕೆನೇ.

ಯಾರು: ಒಂದು ಸಲಕ್ಕೆ ಒಬ್ಬರೇ ಯಜಮಾನರು. ಮಗು ಆಡ್ತಿರುವಾಗ ಅಪ್ಪ ಒಂದು ಹೇಳೋದು, ತಾತ ಇನ್ನೊಂದು ಹೇಳೋದು, ಅತ್ತೆ ಅಡುಗೆಮನೆಯಿಂದ "ಹಂಗಲ್ಲ ಕಣ್ಲಾ" ಅಂತ ಕೂಗೋದು, ಇದಾದ್ರೆ ಮಗು ಎದ್ದು ಹೋಗುತ್ತೆ. ಅಪ್ಪಂದಿರಿಗೆ ವಾರದಲ್ಲಿ ಎರಡು ದಿನ ಕಡ್ಡಾಯ ಹಾಕಿ, "ನನಗೆ ಬರಲ್ಲ" ಅಂತಾರೆ, ಬರುತ್ತೆ, ಬಿಡ್ಬೇಡಿ.

ಫೋನು: ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ, ಕಮ್ಮಿಯಾದಷ್ಟೂ ಒಳ್ಳೇದು ಅಂತ. ಆದ್ರೆ ಒಂದೇ ದಿನಕ್ಕೆ ಕಿತ್ಕೊಂಡ್ರೆ ಮನೆ ರಣರಂಗ. ಮೊದಲು ಊಟದ ಹೊತ್ತಿನ ಫೋನ್ ಬಿಡಿಸಿ, ಎರಡು ಮೂರು ದಿನ ಮಗು ಕಮ್ಮಿ ತಿನ್ನುತ್ತೆ, ತಿನ್ಲಿ ಬಿಡಿ, ಹಸಿವಾದಾಗ ತಾನೇ ಕೇಳುತ್ತೆ. ಅದು ಕೂತ ಮೇಲೆ ಮುಂದಿನದು. ಆ 15 ನಿಮಿಷ ನಿಮ್ಮ ಫೋನೂ ಬೇರೆ ರೂಮಲ್ಲಿರ್ಬೇಕು, ಪಕ್ಕದಲ್ಲಿ ಮಕಾಡೆ ಇಟ್ಟಿದ್ರೂ ನಿಮ್ಮ ಕಣ್ಣು ಅಲ್ಲಿಗೇ ಹೋಗುತ್ತೆ, ಅದು ಮಗೂಗೆ ಗೊತ್ತಾಗುತ್ತೆ.

ಹಂತ 2: ಜಾಗ ಮಾಡಿ, ಅಪಾಯ ಎತ್ತಿಡಿ

ಹಾಲ್‌ನಲ್ಲಿ ಒಂದು ಮೂಲೆ, ಅಲ್ಲಿ ಚಾಪೆ, ಪಕ್ಕದಲ್ಲಿ ಮಗೂಗೆ ಎಟುಕೋ ಹಾಗೆ ಒಂದು ಬುಟ್ಟಿ, ಬುಟ್ಟೀಲಿ ನಾಲ್ಕೈದೇ ಸಾಮಾನು. ಮಿಕ್ಕಿದ್ದೆಲ್ಲಾ ಸಜ್ಜೆ ಮೇಲೆ. ವಾರಕ್ಕೊಂದು ಸಲ ಎರಡು ಇಳಿಸಿ ಎರಡು ಹತ್ತಿಸಿ. ನಲವತ್ತು ಆಟದ ಸಾಮಾನು ಒಟ್ಟಿಗೆ ಸುರಿದ್ರೆ ಮಗು ಯಾವುದರಲ್ಲೂ ಎರಡು ನಿಮಿಷ ನಿಲ್ಲಲ್ಲ, ಆಮೇಲೆ "ನಮ್ಮವನಿಗೆ ಏಕಾಗ್ರತೆ ಇಲ್ಲ" ಅಂತ ನೀವು ಬೇಜಾರು ಮಾಡ್ಕೋತೀರ.

ಈಗ ಅಪಾಯದ ವಿಷಯ, ಇದನ್ನ ಓಡಿಸ್ಕೊಂಡು ಓದ್ಬೇಡಿ. ಮನೇಲಿ 3 ವರ್ಷಕ್ಕಿಂತ ಚಿಕ್ಕ ಮಗು ಇದ್ರೆ ಹುಣಸೆ ಬೀಜ, ಕವಡೆ, ಗೋಲಿ, ಮಣಿ ಯಾವುದೂ ಕೆಳಗೆ ಇಡ್ಬೇಡಿ. ಟಿಶ್ಯೂ ರೋಲ್ ಮುಗಿದ್ಮೇಲೆ ಉಳಿಯುತ್ತಲ್ಲ ರಟ್ಟಿನ ಕೊಳವೆ, ಅದರೊಳಗೆ ತೂರೋ ಸಾಮಾನೆಲ್ಲಾ ಆ ಮಗೂ ಗಂಟಲಿಗೆ ಅಪಾಯ ಅಂತಾನೇ ಲೆಕ್ಕ ಇಟ್ಕೊಳ್ಳಿ. ಇಡೀ ಕಡ್ಲೆಕಾಯಿ ಬೀಜಾನೂ ಅಷ್ಟೇ, ಐದು ವರ್ಷದ ತನಕ ಪುಡಿ ಮಾಡಿ ಕೊಡೋದು ವಾಸಿ. ಸಣ್ಣ ರಿಮೋಟು, ಹಾಡೋ ಗೊಂಬೆ, ತೂಕದ ಮೆಷೀನು ಇದರಲ್ಲಿರೋ ಬಿಲ್ಲೆ ಥರದ ಬ್ಯಾಟರಿ ಇದೆಯಲ್ಲ, ಅದನ್ನ ನುಂಗಿದ್ರೆ 2 ಗಂಟೆ ಒಳಗೇ ಅನ್ನನಾಳ ಸುಟ್ಟು ಹೋಗ್ಬಹುದು, ಹೊಟ್ಟೇಲಿ ಹೊರಗೆ ಹೋಗುತ್ತೆ ಅಂತ ಬಾಳೆಹಣ್ಣು ತಿನ್ನಿಸಿ ಕಾಯೋ ಕೇಸಲ್ಲ ಅದು, ವಾಂತಿನೂ ಮಾಡಿಸ್ಬೇಡಿ, ಸೀದಾ ಎಮರ್ಜೆನ್ಸಿಗೆ ಓಡಿ.

ಇನ್ನೊಂದು, ನಮ್ಮ ಹಳ್ಳಿ ಕಡೆ ಮನೆಗಳಲ್ಲಿ ಅಳಗುಳಿಮಣೆ ಜೊತೆ ಹಳೇ ಡಬ್ಬೀಲಿ ಗುಲಗಂಜಿ ಸಿಗುತ್ತೆ. ಕೆಂಪಗೆ, ಒಂದು ಕಡೆ ಕಪ್ಪು ಚುಕ್ಕೆ, ನೋಡೋಕೆ ಮುದ್ದಾಗಿರುತ್ತೆ. ಅದು ವಿಷ. ಅಗಿದು ನುಂಗಿದ್ರೆ ಜೀವಕ್ಕೇ ಅಪಾಯ. ಅತ್ತೆ "ನಾವೆಲ್ಲಾ ಆಡ್ಕಂಡೇ ಬೆಳೆದಿಲ್ವ" ಅಂದ್ರು, ನಾನು ಸುಮ್ನೆ ಆ ಡಬ್ಬಿ ಖಾಲಿ ಮಾಡಿ ಹುಣಸೆ ಬೀಜ ತುಂಬ್ಸಿಟ್ಟೆ.

ಸಂಪಿನ ಮುಚ್ಚಳ ಮುಚ್ಚಿದ್ಯಾ, ಬಚ್ಚಲಲ್ಲಿ ತುಂಬಿದ ಬಕೆಟ್ ಇದ್ಯಾ ನೋಡ್ಕೊಳ್ಳಿ. ನೀರಾಟದ ಮಧ್ಯೆ ಕುಕ್ಕರ್ ವಿಶಲ್ ಬಂತು ಅಂತ ಎದ್ದು ಹೋಗ್ಬೇಡಿ, ಗೇಣುದ್ದ ನೀರಲ್ಲೂ ಮಗು ಮುಳುಗುತ್ತೆ, ಸದ್ದೂ ಬರಲ್ಲ.

ಹಂತ 3: ಮೈ ದಣಿಸಿ

ಕೂರಲ್ಲ ಅನ್ನೋ ಮಕ್ಕಳಲ್ಲಿ ಮುಕ್ಕಾಲು ಪಾಲು ಮೈ ದಣಿದಿರಲ್ಲ ಅಷ್ಟೇ. 3, 4 ವರ್ಷದ ಮಗು ದಿನಕ್ಕೆ ಒಟ್ಟು 180 ನಿಮಿಷ ಓಡಾಡ್ತಾ ಇರ್ಬೇಕು, ಅದರಲ್ಲಿ 60 ನಿಮಿಷ ಮೈ ಬೆವರೋ ಹಾಗೆ, ಇದೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕಾನೇ. ಎರಡು ಬೆಡ್‌ರೂಂ ಮನೇಲಿ ಬೆಳೆಯೋ ಮಗೂಗೆ ಇದೆಲ್ಲಿಂದ ಬರ್ಬೇಕು?

ಟೆರೇಸಲ್ಲಿ ಚಾಕ್‌ಪೀಸ್‌ನಲ್ಲಿ ಕುಂಟೆಬಿಲ್ಲೆ ಮನೆ ಬರೀರಿ. ಒಂಟಿ ಕಾಲಲ್ಲಿ ಕುಂಟೋದು ನಾಲ್ಕೈದು ವರ್ಷದ ಹೊತ್ತಿಗೆ ಬರೋದು, ಮೂರರ ಮಗು ಎರಡೂ ಕಾಲಲ್ಲಿ ನೆಗೀಲಿ, ತಪ್ಪು ಅನ್ಬೇಡಿ. ಅಪ್ಪನ ಬೆನ್ನ ಮೇಲೆ ಉಪ್ಪಿನ ಮೂಟೆ. ದುಪಟ್ಟ ಕಟ್ಟಿ ಕಣ್ಣಾಮುಚ್ಚಾಲೆ. ಎರಡು ಕೆಜಿ ರಾಗಿ ಚೀಲಾನ ಹಾಲಿಂದ ಅಡುಗೆಮನೆಗೆ ಹೊತ್ಕೊಂಡ್ ಹೋಗೋ ಕೆಲಸ ಕೊಡಿ, ಭಾರ ಎತ್ತೋದು, ತಳ್ಳೋದು, ಎಳೆಯೋದು ಮಾಡಿದ ಮಗು ಆಮೇಲೆ ಎಷ್ಟು ತಣ್ಣಗೆ ಕೂರುತ್ತೆ ಅಂದ್ರೆ ನೀವೇ ನೋಡಿ. ಭಾನುವಾರ ಕುಕ್ಕರಹಳ್ಳಿ ಕೆರೆ ದಡಾನೋ, ಮಂಡ್ಯದೋರಾದ್ರೆ ಹೊಲ ಗದ್ದೆ ಬದುನೋ, ಒಟ್ಟು ಆಚೆ ಹೋಗಿ.

ಒಂದು ಎಚ್ಚರಿಕೆ. ಮಗೂ ಎರಡೂ ಕೈ ಹಿಡಿದು ಗಿರಗಿರ ತಿರುಗಿಸೋದು, ಒಂದು ಕೈ ಹಿಡಿದು ಜಗ್ಗಿ ಎತ್ತೋದು ಬೇಡವೇ ಬೇಡ. ಮಗಳಿಗೆ ಎರಡೂವರೆ ವರ್ಷ ಇದ್ದಾಗ ನನ್ನ ತಮ್ಮ ಪ್ರೀತಿಗೆ ಹಂಗೇ ಎತ್ತಿದ, 'ಟಕ್' ಅಂತ ಸಣ್ಣ ಸದ್ದು, ಮಗು ಚೀರಿದ್ಲು, ಆಮೇಲೆ ಅಳು ನಿಂತ್ರೂ ಬಲಗೈ ಎತ್ತೋದೇ ಇಲ್ಲ, ಸ್ವಲ್ಪ ಮಡಚಿ ಮೈಗೆ ಅಂಟಿಸ್ಕೊಂಡು ಎಡಗೈಯಲ್ಲೇ ಬಿಸ್ಕತ್ ತಗೋತಾಳೆ. ಊತ ಇಲ್ಲ ಏನಿಲ್ಲ. ಮಾವ ಎಣ್ಣೆ ಹಚ್ಚಿ ನೀವೋಣ ಅಂದ್ರು, ಪುಣ್ಯಕ್ಕೆ ನೀವಲಿಲ್ಲ. ಡಾಕ್ಟ್ರು ನೋಡಿದ ತಕ್ಷಣ ಮೊಣಕೈ ಮೂಳೆ ಜಾರಿದೆ ಅಂತ ಕೈ ಹಿಡಿದು ಒಂದು ಸಲ ತಿರುಗಿಸಿ ಮಡಚಿದ್ರು, ಹತ್ತು ನಿಮಿಷಕ್ಕೆ ಅದೇ ಕೈಯಲ್ಲಿ ಅವರ ಪೆನ್ನು ಕಿತ್ಕೋತಿದ್ಲು. ಐದು ವರ್ಷದೊಳಗಿನ ಮಕ್ಕಳಿಗೆ ಇದು ಸುಲಭವಾಗಿ ಆಗುತ್ತಂತೆ. ಎತ್ತೋದಾದ್ರೆ ಕಂಕುಳಿಗೆ ಕೈ ಹಾಕಿ ಎತ್ತಿ.

ಹಂತ 4: ಕೈಗೆ ಕೆಲಸ, ಅಡುಗೆಮನೆಯಲ್ಲಿ

ಪೆನ್ಸಿಲ್ ಹಿಡಿಯೋಕೆ ಮುಂಚೆ ಬೆರಳಲ್ಲಿ ಬಲ ಬೇಕು. ಬಲ ಇಲ್ದೇ ಪೆನ್ಸಿಲ್ ಕೊಟ್ರೆ ಮುಷ್ಟಿ ಕಟ್ಟಿ ಹಿಡೀತಾರೆ, ಎರಡು ಗೆರೆಗೆ ಕೈ ನೋವು ಅಂತಾರೆ, ನಾವು ಸೋಮಾರಿ ಅಂತೀವಿ. ಈ ಬಲ ಬರ್ಸೋಕೆ ಚಪಾತಿ ಹಿಟ್ಟಿಗಿಂತ ಒಳ್ಳೆ ಸಾಮಾನು ನಾನು ನೋಡಿಲ್ಲ. ಮೊದಲು ಇಡೀ ಅಂಗೈಯಲ್ಲಿ ನಾದ್ಲಿ, ಆಮೇಲೆ ಹಾವು ಮಾಡ್ಲಿ, ಆಮೇಲೆ ಎರಡು ಬೆರಳಲ್ಲಿ ಚೂರು ಚೂರು ಕಿತ್ತು ಗೋಲಿ ಮಾಡ್ಲಿ. ಈ ಮೂರೂ ಇದೇ ವರಸೆಯಲ್ಲಿ.

ಡಿಸೆಂಬರ್ ಜನವರೀಲಿ ಅವರೆಕಾಯಿ ಬರುತ್ತಲ್ಲ, ಆಗ ನಮ್ಮನೇಲಿ ಬೇರೆ ಪಾಠಾನೇ ಇರಲ್ಲ. ಮೊದಲ ದಿನ ಕಾಯಿ ಸುಲಿಯೋದು, ಮಗೂಗೆ ಸಿಪ್ಪೆ ಸೀಳೋದು ಕಷ್ಟ, ತುದಿ ನೀವು ಮುರಿದು ಕೊಡಿ, ಮಿಕ್ಕಿದ್ದು ಅವರು ಬಿಡಿಸ್ತಾರೆ. ರಾತ್ರಿ ಕಾಳು ನೆನೆಸಿ. ಬೆಳಿಗ್ಗೆ ಚಾಪೆ ಮೇಲೆ ಅಜ್ಜಿ, ತಾತ, ಮಕ್ಕಳು ಸುತ್ತ ಕೂತು ಮಧ್ಯೆ ಪಾತ್ರೆ ಇಟ್ಟು ಹಿತುಕೋದು. ಕಾಳನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಟು, ಮೂಗಿರೋ ಕಡೆ ಆಚೆ ಬರೋ ಹಾಗೆ ಹಿಡಿದು ಒತ್ತಿದ್ರೆ ಬೇಳೆ ಪಿಚಕ್ ಅಂತ ಚಿಮ್ಮುತ್ತೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತೆ. ಮಗ ಮೊದಲ ಸಲ ಒತ್ತಿದ ಬೇಳೆ ನೇರವಾಗಿ ಹೋಗಿ ತಾತನ ಕಾಫಿ ಲೋಟದೊಳಗೆ ಬಿತ್ತು. ಅಷ್ಟೇ, ಆಮೇಲೆ ಒಂದು ಗಂಟೆ ಅವನನ್ನ ಎಬ್ಬಿಸೋಕೆ ಆಗ್ಲಿಲ್ಲ, ಅರ್ಧ ಪಾವು ಅವನೇ ಹಿತುಕಿದ. ಆ ಎರಡು ಬೆರಳ ಹಿಡಿತಾನೇ ನಾಳೆ ಪೆನ್ಸಿಲ್ ಹಿಡಿತ. ಹಸಿ ಕಾಳು ಬಾಯಿಗೆ ಹಾಕ್ಕೊಳ್ಳದ ಹಾಗೆ ಒಬ್ಬರು ಕಣ್ಣಿಟ್ಟಿರ್ಬೇಕು, ಅಷ್ಟೇ.

ಅವರೆ ಸೀಸನ್ ಇಲ್ದಾಗ ಬಟ್ಟೆ ಕ್ಲಿಪ್ಪು ಒತ್ತಿ ಹಗ್ಗಕ್ಕೆ ಹಾಕೋದು, ಹಳೇ ಪೇಪರ್ ಉದ್ದುದ್ದ ಹರಿಯೋದು, ಬಾಗಿಲ ಮುಂದೆ ಅಜ್ಜಿ ಇಟ್ಟ ರಂಗೋಲಿ ಚುಕ್ಕಿ ಪಕ್ಕ ತಾನೂ ಚುಕ್ಕಿ ಇಡೋದು. ರಂಗೋಲಿ ಪುಡಿ ಹಿಡಿಯೋಕೂ ಅದೇ ಬೆರಳುಗಳು ಬೇಕು.

ಕಾಳು ಬೇರೆ ಮಾಡೋ ಆಟ, ಅಂದ್ರೆ ಹೆಸರುಕಾಳು ಕಡ್ಲೆಕಾಳು ಬೆರೆಸಿ ವಿಂಗಡಿಸೋದು, ಎಲ್ಲಾ ವಿಡಿಯೋದಲ್ಲೂ ತೋರಿಸ್ತಾರೆ. ನಾಲ್ಕು ತುಂಬೋ ತನಕ ನಾನು ಮಾಡ್ಸಲ್ಲ, ಮೂಗಿಗೆ ಕಿವಿಗೆ ತುರುಕ್ಕೋತಾರೆ. ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆ ಸಿಂಬಳ ಬರ್ತಿದ್ರೆ ನೆಗಡಿ ಅನ್ಕೋಬೇಡಿ, ಒಳಗೆ ಏನೋ ಸಿಕ್ಕಿದೆ ಅಂತ ಇಎನ್‌ಟಿ ಡಾಕ್ಟ್ರ ಹತ್ರ ಹೋಗಿ. ಪಿನ್ನು ಹಾಕಿ ಕೀಳೋದು, ನೀರು ಬಿಡೋದು ಮಾಡ್ಬೇಡಿ, ಕಾಳು ನೀರು ಕುಡಿದು ಊದಿಕೊಳ್ಳುತ್ತೆ.

ಹಂತ 5: ಮಾತು, ಕತೆ

ಇಲ್ಲಿ ಎಲ್ರೂ ಮಾಡೋ ತಪ್ಪು ಒಂದೇ, ಪರೀಕ್ಷೆ ತಗೊಳ್ಳೋದು. "ಇದ್ಯಾವ ಬಣ್ಣ? ಅದೇನು? ಆಂಟಿಗೆ ಹೇಳು ಪುಟ್ಟ." ಗೊತ್ತಿರೋ ಉತ್ತರ ಯಾಕೆ ಕೇಳ್ತಾರೆ ಅಂತ ಮಗೂಗೂ ಅನ್ಸುತ್ತೆ, ಬಾಯಿ ಮುಚ್ಕೊಳ್ಳುತ್ತೆ. ಬದಲಿಗೆ ನೀವು ಮಾಡ್ತಿರೋದನ್ನ ಹೇಳ್ತಾ ಹೋಗಿ, "ಈಗ ಒಗ್ಗರಣೆಗೆ ಸಾಸಿವೆ ಹಾಕ್ತೀನಿ, ಚಟಪಟ ಅನ್ನುತ್ತೆ ನೋಡು". ಕೇಳಲೇಬೇಕು ಅಂದ್ರೆ ನಿಮಗೂ ಗೊತ್ತಿಲ್ಲದ್ದನ್ನ ಕೇಳಿ, "ಈ ಬೆಕ್ಕು ಎಲ್ಲಿಗೆ ಹೋಗ್ತಿರ್ಬಹುದು?" ಕೇಳಿ ಬಾಯಿ ಮುಚ್ಕೊಂಡು ಮನಸ್ಸಲ್ಲೇ ಹತ್ತು ಎಣಿಸಿ. ಆ ಹತ್ತು ಸೆಕೆಂಡ್ ನಮಗೆ ಯುಗ ಅನ್ಸುತ್ತೆ, ಮಗೂಗೆ ಅದು ಬೇಕು.

ಕತೆ ವಿಷಯದಲ್ಲಿ ಅಜ್ಜಿ ತಾತಂದಿರನ್ನ ಮುಂದೆ ಬಿಡಿ. ನಮ್ಮತ್ತೆ ಹೇಳೋದು ಒಂದೇ ಕತೆ, ಕಬ್ಬಿನ ಗದ್ದೆಗೆ ನುಗ್ಗೋ ನರೀದು, ಒಂದು ವರ್ಷದಿಂದ ಅದೇ. ನನಗೆ ತಲೆ ಕೆಡುತ್ತೆ, ಮಕ್ಕಳಿಗೆ ದಿನಾ ಅದೇ ಬೇಕು, ಒಂದು ಪದ ಬದಲಾದ್ರೂ "ಅಜ್ಜಿ, ಹಂಗಲ್ಲ" ಅಂತ ತಿದ್ದುತ್ತೆ ಮಗು. ಅದೇ ಕಲಿಕೆ. ಮೂರನೇ ತಿಂಗಳು ಅಜ್ಜಿ ನಡುವೆ ನಿಲ್ಲಿಸಿದ್ರೆ ಮುಂದಿನ ಭಾಗ ಅವರೇ ಹೇಳ್ತಾರೆ. "ಐಕ್ಳು", "ಬುಡು", "ಒಂಟೋಯ್ತು" ಅಂತೆಲ್ಲಾ ಮಗು ಕಲಿಯುತ್ತೆ, ಸ್ಕೂಲಲ್ಲಿ ನಗ್ತಾರೆ ಅಂತ ಅಜ್ಜಿ ಬಾಯಿ ಮುಚ್ಚಿಸ್ಬೇಡಿ. "ಮಂಕಿ ನೋಡು, ಬನಾನಾ ಈಟ್ ಮಾಡ್ತಿದೆ" ಅನ್ನೋ ಕಲಬೆರಕೆಗಿಂತ ಅದು ಸಾವಿರ ಪಾಲು ವಾಸಿ. ಮನೇಲಿ ಆಡೋ ಭಾಷೇಲಿ ಪೂರ್ತಿ ವಾಕ್ಯ ಕೇಳಿಸ್ಕೊಂಡ ಮಗು ಇಂಗ್ಲಿಷ್ ಆಮೇಲೆ ಹೇಗೂ ಕಲಿಯುತ್ತೆ.

ಐದರ ಹತ್ರ ಬಂದ್ಮೇಲೆ ಒಗಟು ಶುರು ಮಾಡಿ, ಹೇಳೋದಲ್ಲ, ಅವರ ಕೈಲೇ ಕಟ್ಟಿಸೋದು. ಮಗಳು ಕಟ್ಟಿದ್ದು: "ಬೆಳ್ಳಗಿರುತ್ತೆ, ಹೊಗೆ ಬರುತ್ತೆ, ಭಾನುವಾರ ಬರುತ್ತೆ." ಇಡ್ಲಿ.

ಹಂತ 6: ಲೆಕ್ಕ

ನೂರರ ತನಕ ಬಾಯಿಪಾಠ ಹೇಳೋದು ಲೆಕ್ಕ ಅಲ್ಲ, ಅದು ಹಾಡು. ಪರೀಕ್ಷೆ ಬೇಕಿದ್ರೆ ಮುಂದೆ ಒಂದು ಹಿಡಿ ಹುಣಸೆ ಬೀಜ ಇಟ್ಟು "ಐದು ಕೊಡು" ಅನ್ನಿ. ನೂರು ಹೇಳೋ ಮಗು ಹಿಡಿ ತುಂಬಾ ಎತ್ತಿಕೊಟ್ರೆ ಆಶ್ಚರ್ಯ ಪಡ್ಬೇಡಿ. ಶುರು ಮಾಡೋದು ತಟ್ಟೆಯಿಂದ. ರಾತ್ರಿ ಊಟಕ್ಕೆ ಆರು ಜನಕ್ಕೆ ಆರು ತಟ್ಟೆ, ಆರು ಲೋಟ, ಮಗೂನೇ ಹಾಕ್ಲಿ. "ಇದು ತಾತಂಗೆ, ಇದು ಅಜ್ಜಿಗೆ" ಅಂತ ಒಂದೊಂದೇ ಇಡ್ತಾ ಹೋಗ್ಲಿ. ಒಂದು ಕಮ್ಮಿ ಆದ್ರೆ ತಾನೇ ಕಂಡುಹಿಡೀಲಿ, ನೀವು ಬಾಯಿ ಬಿಡ್ಬೇಡಿ. ದಸರಾ ಗೊಂಬೆ ಕೂರಿಸೋ ಮನೆಯೋರಿಗಂತೂ ಸುಗ್ಗಿ, ಮೆಟ್ಟಿಲು 3, 5, 7 ಅಂತ ಬೆಸ ಲೆಕ್ಕದಲ್ಲಿ ಬರುತ್ತೆ, ದೊಡ್ಡ ಗೊಂಬೆ ಹಿಂದೆ ಚಿಕ್ಕದು ಮುಂದೆ ಅಂತ ಜೋಡಿಸೋ ಕೆಲಸ ಮಕ್ಕಳಿಗೆ ಬಿಡಿ. ಒಡೆಯೋ ಮಣ್ಣಿನ ಗೊಂಬೆ ಮಾತ್ರ ಮೇಲಿನ ಮೆಟ್ಟಿಲಿಗೆ.

ಅಳಗುಳಿಮಣೆ: ಒಂದು ಕಡೆ 7, ಇನ್ನೊಂದು ಕಡೆ 7, ಒಟ್ಟು 14 ಗುಳಿ. ಮಣೆ ಇಲ್ದಿದ್ರೆ ನೆಲದ ಮೇಲೆ ಚಾಕ್‌ಪೀಸ್‌ನಲ್ಲಿ ಸೊನ್ನೆ ಬರೀರಿ. ದೊಡ್ಡವರ ಆಟ ನೇರವಾಗಿ ಹೇಳಿಕೊಡೋಕೆ ಹೋದ್ರೆ ಮಗು ಬೀಜ ಎರಚಿ ಎದ್ದೋಗುತ್ತೆ. ಮೊದಲ ವಾರ ಗುಳಿಗೆ ಎರಡೇ ಬೀಜ, ಒಂದು ಗುಳಿ ಎತ್ತಿ ಮುಂದಿನ ಗುಳಿಗೆ ಒಂದೊಂದೇ ಹಂಚ್ಕೊಂಡು ಹೋಗೋದು, ಅಷ್ಟೇ, ಸೋಲು ಗೆಲುವು ಇಲ್ಲ. ಎರಡನೇ ವಾರ ಮೂರು ಬೀಜ. ಹಂಚೋದು ಕೈಗೆ ಕೂತ ಮೇಲೆ ಖಾಲಿ ಗುಳಿ ಬಂದ್ರೆ ಅದರ ಮುಂದಿನ ಗುಳಿಯಲ್ಲಿರೋದು ನಿಂದು ಅನ್ನೋ ನಿಯಮ ಸೇರಿಸಿ. ಬೇರೆ ನಿಯಮಗಳು ಊರಿಗೊಂದು ಥರ ಇರುತ್ತೆ, ನಿಮ್ಮ ಅಜ್ಜಿ ಹೇಳಿದ್ದೇ ಸರಿ.

ಚೌಕಾಬಾರ ಐದು ತುಂಬಿದ ಮೇಲೆ. 5 ಅಡ್ಡ 5 ಉದ್ದ ಮನೆ ಬರೀರಿ, ನಾಲ್ಕು ಕವಡೆ. ಬಾಯಿ ಮೇಲಾಗಿ ಎಷ್ಟು ಬಿತ್ತೋ ಅಷ್ಟು, ನಾಲ್ಕೂ ಮೇಲಾದ್ರೆ ಚೌಕ ಅಂದ್ರೆ 4, ನಾಲ್ಕೂ ಮಕಾಡೆ ಬಿದ್ರೆ ಬಾರ ಅಂದ್ರೆ 8. ಕವಡೆ ಇಲ್ವಾ, ಹುಣಸೆ ಬೀಜ ಒಂದು ಕಡೆ ಕಲ್ಲಿಗೆ ತೇದು ಬಿಳಿ ಮಾಡಿ, ತಾತನ ಕೈಗೆ ಕೊಡಿ, ಅವರಿಗೂ ಕೆಲಸ. ಒಬ್ಬೊಬ್ಬರಿಗೆ ನಾಲ್ಕು ಕಾಯಿ ಇರೋ ಕಡೆ ಮಗೂಗೆ ಎರಡೇ ಕೊಡಿ, ಆಟ ಹದಿನೈದು ನಿಮಿಷಕ್ಕೆ ಮುಗಿಯುತ್ತೆ. ಕಾಯಿ ಹೊಡೆಯೋದು ಮೊದಲ ತಿಂಗಳು ಬೇಡ, ಹೊಡೆದ್ರೆ ಅಳು. ಹಾಗಂತ ಪ್ರತಿ ಸಲ ಬೇಕಂತ ಸೋಲ್ಬೇಡಿ, ಅದನ್ನೂ ಕಂಡುಹಿಡೀತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆ ಆಟ ಹೊಸದಾಗಿ ಕಟ್ಟಿದ ಊರು ಇದು, ಇಲ್ಲಿ ಮಕ್ಕಳು ಚೌಕಾಬಾರ ಗೊತ್ತಿಲ್ಲ ಅಂದ್ರೆ ನನಗೆ ಸ್ವಲ್ಪ ಸಿಟ್ಟು ಬರುತ್ತೆ, ಇರ್ಲಿ.

ಹಂತ 7: ಅಕ್ಷರ, ಈಗ

ಮಗು ತಯಾರಿದ್ಯಾ ಅಂತ ಹೇಗೆ ಗೊತ್ತಾಗ್ಬೇಕು? ಸೊನ್ನೆ ನೋಡಿ ಸೊನ್ನೆ ಬರೆಯೋದು ಮೂರರ ಸುಮಾರಿಗೆ ಬರುತ್ತೆ, ಕೂಡೋ ಗುರುತು ನಾಲ್ಕಕ್ಕೆ, ತ್ರಿಕೋನ ಐದರ ಹೊತ್ತಿಗೆ. ನಮ್ಮ ಕನ್ನಡ ಅಕ್ಷರ ಪೂರ್ತಿ ಸುತ್ತು ಗೆರೆ, ಸೊನ್ನೆ ಮುಚ್ಚೋಕೇ ಬರದ ಮಗೂಗೆ "ಅ" ಬರಿ ಅಂದ್ರೆ ಎಲ್ಲಿಂದ ಬರೀಬೇಕು.

ಎರಡನೇ ತಪ್ಪು, ಅ ಆ ಇ ಈ ವರಸೆ ಹಿಡಿಯೋದು. ಬಾಯಲ್ಲಿ ಹೇಳೋಕೆ ಅದು ಸರಿ, ಬರೆಯೋಕೆ "ಈ", "ಋ" ಎಲ್ಲಾ ದೊಡ್ಡವರಿಗೇ ಕೈ ತಿರುಗಲ್ಲ. ನಮ್ಮ ಸರ್ಕಾರಿ ಶಾಲೆಯಲ್ಲಿ ಆಟದ ಜೊತೆ ಕಲಿಸೋ ನಲಿಕಲಿ ಪದ್ಧತಿ, ಅದು ಶುರುವಾಗಿದ್ದೇ 1995ರ ಸುಮಾರಿಗೆ ನಮ್ಮ ಎಚ್.ಡಿ. ಕೋಟೇಲಿ, ಅದರಲ್ಲಿ ಮೊದಲು ಬರೋದು ರ, ಗ, ಸ, ದ, ಅ. ಬರೆಯೋಕೆ ಸುಲಭ, ಐದೇ ಅಕ್ಷರ ಬಂದ್ರೆ ಪದ ಓದ್ಬಹುದು: ಸರ, ರಸ, ಅರಸ, ಅಗಸ, ಗರಗಸ, ದಸರ. ಮೂರು ವಾರಕ್ಕೆ ಮಗಳು ಗೋಡೆ ಮೇಲೆ "ದಸರ" ಅಂತ ಓದಿದ್ಲು. ಐವತ್ತು ಅಕ್ಷರ ಬರೋ ತನಕ ಒಂದು ಪದಾನೂ ಓದೋಕೆ ಬಿಡದ ಪದ್ಧತಿ ಯಾಕೆ ಬೇಕು ಹೇಳಿ. ಮಗೂ ಹೆಸರು ಸುಲಭ ಇದ್ರೆ ಅದನ್ನೂ ಸೇರಿಸಿ. ಊರ ಹೆಸರು ಓದಿಸೋ ಆಸೆಗೆ "ಮಂಡ್ಯ"ದಿಂದ ಶುರು ಮಾಡ್ಬೇಡಿ, ಅದರಲ್ಲಿ ಸೊನ್ನೆನೂ ಇದೆ, ಒತ್ತೂ ಇದೆ.

ಬರ್ಸೋ ವರಸೆ ಹೀಗೆ. ಮೊದಲು ಗಾಳೀಲಿ ಇಡೀ ಕೈ ಬೀಸಿ. ಆಮೇಲೆ ನೆಲದ ಮೇಲೆ ದೊಡ್ಡದಾಗಿ ನೀವು ಬರೆದ ಚಾಕ್‌ಪೀಸ್ ಅಕ್ಷರದ ಮೇಲೆ ಮಗು ನಡೀಲಿ. ಆಮೇಲೆ ತಟ್ಟೇಲಿ ತೆಳ್ಳಗೆ ರವೆ ಹರಡಿ ಬೆರಳಲ್ಲಿ, ತಪ್ಪಾದ್ರೆ ತಟ್ಟೆ ಅಲ್ಲಾಡಿಸಿದ್ರೆ ಮುಗೀತು. ಅಂಚಿರೋ ತಟ್ಟೆ ಯಾಕೆ ಹೇಳಿದೆ ಅಂತ ಈಗ ಗೊತ್ತಾಗುತ್ತೆ, ಚಪ್ಪಟೆ ತಟ್ಟೆ ಇಟ್ರೆ ರವೆ ಮನೆ ತುಂಬಾ, ಅದರ ಹಿಂದೆ ಇರುವೆ. ಒಂದು ವಾರ ಆದ್ಮೇಲೆ ಸ್ಲೇಟು, ಉದ್ದ ಬಳಪಕ್ಕಿಂತ ಮುರಿದ ಮೋಟು ಬಳಪ ಕೊಡಿ, ಮೋಟು ಬಳಪಾನ ಮುಷ್ಟೀಲಿ ಹಿಡಿಯೋಕೆ ಆಗಲ್ಲ, ಬೆರಳಲ್ಲೇ ಹಿಡೀಬೇಕು. ಕಾಗದ ಪೆನ್ಸಿಲ್ಲು ಎಲ್ಲಕ್ಕಿಂತ ಕೊನೆಗೆ. ದಿನಕ್ಕೆ ಐದು ನಿಮಿಷ, ಮಗು "ಇನ್ನೊಂದು" ಅನ್ನುವಾಗಲೇ ನಿಲ್ಲಿಸಿ. ಇದು ನನಗೆ ಕಲಿಯೋಕೆ ಒಂದು ವರ್ಷ ಹಿಡೀತು, ಚೆನ್ನಾಗಿ ಹೋಗ್ತಿದೆ ಅಂತ ಇನ್ನೆರಡು ಸಾಲು ಬರ್ಸೋ ದುರಾಸೆನೇ ಮಾರನೇ ದಿನ ಕೆಡಿಸೋದು.

ಉಲ್ಟಾ ಬರೆದ್ರೆ ಗಾಬರಿ ಬೇಡ, ಆರೇಳು ವರ್ಷದ ತನಕ ಅದು ಮಾಮೂಲು. ಎಡಗೈಯಲ್ಲಿ ಬರೀತಿದ್ರೆ ಬಿಡಿ. ಅಜ್ಜಿ ಕೈ ಬದಲಾಯಿಸೋಕೆ ಬಂದ್ರೆ ಪ್ರೀತಿಯಿಂದಲೇ ತಡೀರಿ, ಊಟಕ್ಕೆ ಬಲಗೈ ಅಂತ ಅವರು ಹಟ ಮಾಡೋದು ಬೇರೆ ವಿಷಯ, ಬರೆಯೋ ಕೈಗೆ ಮಾತ್ರ ಯಾರೂ ಬರೋದು ಬೇಡ.

ಹಂತ 8: ಎತ್ತಿಡೋದು

ಆಟ ಮುಗಿಯೋಕೆ ಐದು ನಿಮಿಷ ಮುಂಚೆ ಹೇಳಿ. "ಇನ್ನೊಂದು ಆಟ, ಆಮೇಲೆ ಬೀಜ ಡಬ್ಬಿಗೆ." ಜೊತೇಲಿ ಎತ್ತಿಡಿ, ಬೀಜ ಎಣಿಸಿ ಎಣಿಸಿ ಹಾಕಿ, ಒಂದು ಕಮ್ಮಿ ಇದ್ರೆ ಸಿಗೋ ತನಕ ಹುಡುಕಿ, ಚಿಕ್ಕವನ ಬಾಯಲ್ಲಿರ್ಬಹುದು. ಅಣ್ಣ ತಂಗಿ ಜಗಳ ಬಂದ್ರೆ ಒಂದೇ ಸಾಮಾನಿನ ಎರಡು ಇಡಿ, ನ್ಯಾಯ ಪಂಚಾಯ್ತಿ ಮಾಡೋಕೆ ಹೋಗ್ಬೇಡಿ.

ಯಾವಾಗ ಆಟ ಬಿಟ್ಟು ತೋರಿಸ್ಬೇಕು

ಕೆಲವು ಲಕ್ಷಣಗಳಿಗೆ ಮನೆ ಮದ್ದಿಲ್ಲ, "ನಮ್ಮ ವಂಶದಲ್ಲಿ ಎಲ್ರೂ ಲೇಟಾಗಿ ಮಾತಾಡಿದ್ದು" ಅಂತ ಕಾಯೋದೂ ತಪ್ಪು. ವರ್ಷ ತುಂಬಿದ್ರೂ ಹೆಸರು ಕರೆದ್ರೆ ತಿರುಗಲ್ಲ, 16 ತಿಂಗಳಿಗೆ ಒಂದು ಪದಾನೂ ಇಲ್ಲ, ಎರಡು ವರ್ಷಕ್ಕೆ "ಅಮ್ಮ ಬಾ" ಥರ ಎರಡು ಪದ ಸೇರಿಸಲ್ಲ, ಬೇಕಾದ್ದನ್ನ ಬೆರಳು ಮಾಡಿ ತೋರಿಸಲ್ಲ, ಟಿವಿ ಸದ್ದು ಜಾಸ್ತಿ ಮಾಡಿ ಅಂತಾನೇ ಇರುತ್ತೆ, ಇವುಗಳಲ್ಲಿ ಯಾವುದಿದ್ರೂ ತೋರಿಸಿ. ಬರ್ತಿದ್ದ ಮಾತು, ಆಡ್ತಿದ್ದ ಆಟ ಯಾವ ವಯಸ್ಸಲ್ಲೇ ಆಗ್ಲಿ ನಿಂತು ಹೋದ್ರೆ ಅದೇ ವಾರ ಹೋಗಿ.

ಈ ವಿಷಯದಲ್ಲಿ ಮೈಸೂರು ಮಂಡ್ಯದೋರು ಅದೃಷ್ಟವಂತರು, ದೇಶದ ಬೇರೆ ಬೇರೆ ಕಡೆಯಿಂದ ಜನ ಬರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರೀಲೇ ಇದೆ, ಕಿವಿ ಪರೀಕ್ಷೆ, ಮಾತಿನ ಪರೀಕ್ಷೆ ಎರಡೂ ಅಲ್ಲೇ ಆಗುತ್ತೆ. ಹಳ್ಳಿಯೋರು ಮೊದಲು ಅಂಗನವಾಡಿ ಟೀಚರ್‌ಗೋ ಆಶಾ ಕಾರ್ಯಕರ್ತೆಗೋ ಹೇಳಿ, ಮಕ್ಕಳ ತಪಾಸಣೆಗೆ ಡಾಕ್ಟ್ರ ತಂಡ ಬಂದಾಗ ತೋರಿಸ್ತಾರೆ. ಹೋಗುವಾಗ ತಾಯಿ ಕಾರ್ಡ್ ಮರೀಬೇಡಿ. ಹೊಸ ಜಾಗದಲ್ಲಿ ಮಗು ಬಾಯೇ ಬಿಡಲ್ಲ, ಅದಕ್ಕೆ ಮನೇಲಿ ಮಾಮೂಲಾಗಿ ಆಡ್ತಿರೋ, ಮಾತಾಡ್ತಿರೋ ಎರಡು ಮೂರು ನಿಮಿಷದ ವಿಡಿಯೋ ಹಿಂದಿನ ದಿನವೇ ಫೋನಲ್ಲಿ ತೆಗೆದಿಟ್ಕೊಳ್ಳಿ, ಅಲ್ಲಿ ಕೇಳ್ತಾರೆ. ಬೆಳಿಗ್ಗೆ ಬೇಗ ಹೋಗಿ, ಅರ್ಧ ದಿನ ಆಗೇ ಆಗುತ್ತೆ, ತಿಂಡಿ ಕಟ್ಕೊಳ್ಳಿ, ಮಗೂಗೆ ಮೂರು ತುಂಬಿದ್ರೆ ಕಾಯೋ ಹೊತ್ತಿಗೆ ಬ್ಯಾಗಲ್ಲಿ ನಾಲ್ಕು ಕವಡೆ ಹಾಕ್ಕೊಂಡಿರಿ.